ತೀರ್ಪಿನ ತರುವಾಯದ ಕಾಯುವಿಕೆ

ಅಂಗವಿಕಲರ ಮಾಸಾಶನದ ವಿಷಯವಾಗಿ ಒಂದು ಪಾಠ

ನ್ಯಾಯಾಧಿಪತಿಯ ಬಳಿಗೆ ಬೇಸರವಿಲ್ಲದೆ ಬರುತ್ತಿದ್ದ ವಿಧವೆಯ ಸಾಮ್ಯವನ್ನು ನೀವೆಲ್ಲರೂ ಬಲ್ಲಿರಿ. ಆಕೆಯ ಕಾಟವನ್ನು ತಾಳಲಾರದೆ ಅವನು ನ್ಯಾಯ ತೀರಿಸಲು ಮನಸ್ಸು ಮಾಡುವಲ್ಲಿಗೆ ಆ ಕಥೆಯು ನಿಲ್ಲುತ್ತದೆ. ಆಕೆಯು ಮನೆಗೆ ತಿರುಗಿದ ಮೇಲೆ ಆಕೆಗೆ ಬರತಕ್ಕದ್ದು ಎಷ್ಟು ದಿವಸಕ್ಕೆ ಬಂತು, ಯಾರ ಕೈಯಿಂದ ಬಂತು, ಅಷ್ಟರೊಳಗೆ ಒಲೆಯು ಹೇಗೆ ಉರಿಯಿತು ಎಂಬದನ್ನು ಅಲ್ಲಿ ಹೇಳಿಲ್ಲ. ಸಾಮ್ಯದ ಉದ್ದೇಶವು ಬೇರೆಯಾದದರಿಂದ ಹೇಳುವ ಅಗತ್ಯವೂ ಇರಲಿಲ್ಲ. ಆದರೆ ನಮ್ಮ ಹಳ್ಳಿಗಳಲ್ಲಿ ಅನೇಕರ ಕಷ್ಟವು ಆ ಕಥೆ ಮುಗಿಯುವ ಸ್ಥಳದಲ್ಲಿಯೇ ಆರಂಭವಾಗುತ್ತದೆ. ಅವರು ಮೇಲ್ಮನವಿ ಮಾಡಿದ್ದಾರೆ, ಗೆದ್ದಿದ್ದಾರೆ, ಮುದ್ರೆಯೊತ್ತಿದ ಕಾಗದವು ಪೆಟ್ಟಿಗೆಯಲ್ಲಿದೆ. ಹಣ ಮಾತ್ರ ಬಂದಿಲ್ಲ. ಈ ತಿಂಗಳಿನ ಪಾಠದಲ್ಲಿ ಆ ಹಣವು ಎಲ್ಲಿ ನಿಲ್ಲುತ್ತದೆ, ಏಕೆ ನಿಲ್ಲುತ್ತದೆ, ಅದನ್ನು ಹೊರಡಿಸುವದಕ್ಕೆ ಏನು ಮಾಡಬಹುದು ಎಂಬದನ್ನು ವಿಚಾರಿಸುವೆವು.

ಮೊದಲು ಒಂದು ಮಾತನ್ನು ಹೇಳಬೇಕಾಗಿದೆ. ಪೂರ್ವದಲ್ಲಿ ನಮ್ಮ ಸಭೆಗಳಲ್ಲಿಯೂ ಕುಂಟ, ಕುರುಡ, ಕಿವುಡ ಎಂದು ಸಂಕೋಚವಿಲ್ಲದೆ ಕರೆಯುತ್ತಿದ್ದರು. ಈಗ ಸರಕಾರದ ಕಾಗದಗಳಲ್ಲಿ ವಿಕಲಚೇತನರು ಎಂಬ ಶಬ್ದವು ರೂಢಿಯಾಗಿದೆ. ಇದೂ ನಮಗೆ ಪೂರಾ ಒಪ್ಪಿಗೆಯಾಗುವದಿಲ್ಲ. ಯಾಕಂದರೆ ಊನವಾದದ್ದು ಕೈಯೋ ಕಣ್ಣೋ ಆಗಿರುವದೇ ಹೊರತು ಚೇತನವಲ್ಲ. ಈ ಪಾಠದಲ್ಲಿ ಅಂಗವಿಕಲರು ಎಂಬ ಹಳೆಯ ಮಾತನ್ನೇ ಬಳಸಿದ್ದೇವೆ. ಅರ್ಜಿಯನ್ನು ಬರೆಯುವಾಗ ಮಾತ್ರ ಕಚೇರಿಯ ಶಬ್ದವನ್ನು ಉಪಯೋಗಿಸಿರಿ.

ವಿಷಯವು ಸುಲಭವಾಗಿ ತಿಳಿಯುವಂತೆ ಒಬ್ಬ ಸಹೋದರನನ್ನು ಭಾವಿಸಿಕೊಳ್ಳೋಣ. ಅವನ ಊರು ಎಂ.ಕೆ. ಹುಬ್ಬಳ್ಳಿಯ ಆಸುಪಾಸಿನಲ್ಲಿ, ಮಲಪ್ರಭೆಯ ದಂಡೆಗೆ ಇದೆಯೆಂದು ಇಟ್ಟುಕೊಳ್ಳಿರಿ. ಆ ಸೀಮೆಯನ್ನು ನೋಡದವರಿಗೆ ಹೇಳುವದಾದರೆ, ಎಂ.ಕೆ. ಹುಬ್ಬಳ್ಳಿಯೆಂದರೆ ಮುಗಟಖಾನ ಹುಬ್ಬಳ್ಳಿ. ಅದು ಬೆಳಗಾವಿಯಿಂದ ಧಾರವಾಡಕ್ಕೆ ಹೋಗುವ ಹೆದ್ದಾರಿಯ ಮೇಲೆ ನದಿಯನ್ನು ದಾಟುವಲ್ಲಿ ಇರುತ್ತದೆ. ಹೊಳೆಯಲ್ಲಿ ಬಸವಣ್ಣನವರ ಪತ್ನಿ ಗಂಗಾಂಬಿಕೆಯ ಐಕ್ಯಮಂಟಪವಿದೆ; ಊರಿಗೆ ಸೇರಿದಂತೆ ಮಲಪ್ರಭಾ ಸಹಕಾರಿ ಸಕ್ಕರೆ ಕಾರ್ಖಾನೆಯಿದೆ; ಸುತ್ತಲೂ ಕಬ್ಬು. ನಮ್ಮ ಸಹೋದರನು ಕಬ್ಬು ಕಡಿಯುವ ಕೂಲಿಯವನು. ಮೇವು ಕತ್ತರಿಸುವ ಯಂತ್ರಕ್ಕೆ ಬಲಗೈ ಸಿಕ್ಕಿ ಬೆರಳುಗಳು ಹೋದವು. ಅಂದಿನಿಂದ ಅವನನ್ನು ಯಾವ ಗುಂಪಿನವರೂ ಕರೆಯುವದಿಲ್ಲ. ಇಂಥ ಒಬ್ಬನೇ ಮನುಷ್ಯನು ಇದ್ದಾನೆಂದು ತಿಳಿಯಬೇಡಿರಿ. ಹಲವರ ಅನುಭವವನ್ನು ಒಬ್ಬನ ಮೇಲೆ ಹೊರಿಸಿ ಹೇಳುತ್ತಿದ್ದೇವೆ.

ಇವನು ಮಾಡಿದ ಮೊದಲನೆಯ ಕೆಲಸವು ಪ್ರಮಾಣಪತ್ರವನ್ನು ಕೇಳಿದ್ದು. ಅಂಗವಿಕಲರ ಹಕ್ಕುಗಳನ್ನು ಕುರಿತ 2016ನೇ ಇಸವಿಯ ಅಧಿನಿಯಮವು 2017ರ ಏಪ್ರಿಲ್ 19ರಂದು ಜಾರಿಗೆ ಬಂತು. 1995ರ ಹಳೆಯ ಕಾಯಿದೆಯಲ್ಲಿ ಏಳು ವಿಧದ ಊನಗಳನ್ನು ಮಾತ್ರ ಎಣಿಸಿದ್ದರು. ಹೊಸದರಲ್ಲಿ ಇಪ್ಪತ್ತೊಂದು ವಿಧಗಳಿವೆ. ಕುಷ್ಠವು ವಾಸಿಯಾದ ಮೇಲೆ ಊನ ಉಳಿದವರು, ಆಮ್ಲದ ದಾಳಿಗೆ ತುತ್ತಾದವರು, ಕುಡಗೋಲು ಕಣದ ರಕ್ತರೋಗವುಳ್ಳವರು, ಮನೋರೋಗದಿಂದ ಬಹುಕಾಲ ನರಳುವವರು ಇವರೆಲ್ಲರೂ ಅದರೊಳಗೆ ಸೇರುತ್ತಾರೆ. ಊನವು ನೂರಕ್ಕೆ 40ಕ್ಕೆ ಕಡಿಮೆಯಿಲ್ಲವೆಂದು ವೈದ್ಯರು ಬರೆದುಕೊಟ್ಟರೆ ಹೆಚ್ಚಿನ ಸೌಲಭ್ಯಗಳ ಬಾಗಿಲು ತೆರೆಯುತ್ತದೆ. 39 ಎಂದು ಬರೆದರೆ ಮುಚ್ಚುತ್ತದೆ. ಒಂದು ಅಂಕಿಯ ಮೇಲೆ ಒಂದು ಮನೆಯ ಜೋಳವು ನಿಂತಿರುವದು ಸರಿಯೋ ಎಂದು ಕೇಳಿದರೆ, ಗೆರೆಯನ್ನು ಎಲ್ಲಿಯಾದರೂ ಎಳೆಯಲೇಬೇಕಲ್ಲವೇ ಎಂದು ಅಧಿಕಾರಿಗಳು ಹೇಳುವರು. ಆದದರಿಂದಲೇ ಗೆರೆಯ ಹತ್ತಿರ ನಿಂತವನಿಗೆ ಮೇಲ್ಮನವಿಯ ಹಕ್ಕು ಬೇಕಾಯಿತು.

ನಮ್ಮ ಸಹೋದರನಿಗೆ ವೈದ್ಯಮಂಡಲಿಯವರು 35 ಎಂದು ಬರೆದರು. ಅಧಿನಿಯಮದ 59ನೆಯ ಕಲಮಿನ ಪ್ರಕಾರ, ಪ್ರಮಾಣೀಕರಿಸುವ ಅಧಿಕಾರಿಯ ತೀರ್ಮಾನದಿಂದ ನೊಂದವನು ರಾಜ್ಯಸರಕಾರವು ನೇಮಿಸಿದ ಮೇಲಧಿಕಾರಕ್ಕೆ ಮೇಲ್ಮನವಿ ಮಾಡಿಕೊಳ್ಳಬಹುದು. ಅವನು ಹಾಗೆಯೇ ಮಾಡಿದನು. ತಿರುಗಿ ಪರೀಕ್ಷೆಯಾಯಿತು, ಬೆರಳುಗಳಷ್ಟೇ ಅಲ್ಲ, ಮಣಿಕಟ್ಟಿನ ಬಲವೂ ಕುಂದಿದೆಯೆಂದು ಕಂಡುಬಂದು 45 ಎಂದು ಬರೆದರು. ಅವನು ಮನೆಗೆ ಬಂದು ಹೆಂಡತಿಗೆ, ಗೆದ್ದೆವು, ಬರುವ ತಿಂಗಳಿನಿಂದ ಪಗಾರ ಶುರುವಾಗುವದು ಎಂದು ಹೇಳಿದನು.

ಇಲ್ಲಿಯೇ ಮೊದಲನೆಯ ತಪ್ಪು ತಿಳುವಳಿಕೆ. ನಾವು ಕಂಡಂತೆ ಹತ್ತರಲ್ಲಿ ಹಲವರು ಈ ಕಲ್ಲಿಗೇ ಎಡವುತ್ತಾರೆ. ಅವನು ಗೆದ್ದದ್ದು ಪ್ರಮಾಣಪತ್ರದ ವ್ಯಾಜ್ಯವನ್ನೇ ಹೊರತು ಮಾಸಾಶನದ ವ್ಯಾಜ್ಯವನ್ನಲ್ಲ. ಪ್ರಮಾಣಪತ್ರವನ್ನು ಕೊಡುವವರು ಆಸ್ಪತ್ರೆಯವರು. ಮಾಸಾಶನವನ್ನು ಮಂಜೂರು ಮಾಡುವವರು ಕಂದಾಯ ಇಲಾಖೆಯವರು. ಒಂದು ಮನೆಯ ಸುದ್ದಿಯು ಇನ್ನೊಂದು ಮನೆಗೆ ತಾನಾಗಿ ಹೋಗುವದಿಲ್ಲ. ಹೊಸ ಪ್ರಮಾಣಪತ್ರವನ್ನೂ ಅದರೊಂದಿಗೆ ಬರುವ ಯು.ಡಿ.ಐ.ಡಿ. ಎಂಬ ಗುರುತಿನ ಚೀಟಿಯನ್ನೂ ಹಿಡಿದುಕೊಂಡು ನಾಡಕಚೇರಿಗೆ ಹೋಗಿ ಮಾಸಾಶನಕ್ಕೆ ಅರ್ಜಿ ಕೊಡಬೇಕು. ಮುಂಚೆ ಒಮ್ಮೆ ಅರ್ಜಿ ಕೊಟ್ಟು ಅದು 35ರ ಕಾರಣದಿಂದ ತಿರಸ್ಕಾರವಾಗಿದ್ದರೆ ಆ ಹಳೆಯ ಅರ್ಜಿಯು ಸತ್ತದ್ದೇ ಎಂದು ತಿಳಿಯಿರಿ. ಅದು ಎದ್ದು ಬರುವದೆಂದು ಕಾದು ಕುಳಿತುಕೊಂಡರೆ ವರುಷವು ಕಳೆಯುತ್ತದೆ. ಎಷ್ಟೋ ಮಂದಿ ಹೀಗೆ, ಯಾರೂ ಕಳುಹಿಸದ ಹಣಕ್ಕಾಗಿ ಕಾದಿದ್ದಾರೆ.

ಪ್ರಮಾಣಪತ್ರದಲ್ಲಿ ಇನ್ನೊಂದನ್ನು ನೋಡತಕ್ಕದ್ದು: ಅದು ಶಾಶ್ವತವೋ ತಾತ್ಕಾಲಿಕವೋ ಎಂಬದು. ಊನವು ಮುಂದೆ ಬದಲಾಗಬಹುದೆಂದು ವೈದ್ಯರಿಗೆ ತೋರಿದರೆ ಇಂತಿಷ್ಟು ಕಾಲದ ವರೆಗೆ ಎಂದು ತಾರೀಖು ಬರೆಯುತ್ತಾರೆ. ಆ ತಾರೀಖು ದಾಟಿದರೆ ಕಾಗದಕ್ಕೆ ಬಲವಿಲ್ಲ. ತಾರೀಖನ್ನು ಮನೆಯ ಗೋಡೆಗೆ ಸುಣ್ಣದಿಂದಾದರೂ ಬರೆದಿಡಿರಿ. ಹೊಸದನ್ನು ಪಡೆಯುವದಕ್ಕೆ ಮೊದಲೇ ಓಡಾಡಬೇಕು. ಯಾಕಂದರೆ ವೈದ್ಯ ಅಧಿಕಾರಿಗಳು ಪ್ರಮಾಣಪತ್ರ ಕೊಡುವದಕ್ಕೆ 2017ರ ನಿಯಮಗಳಲ್ಲಿ ಒಂದು ತಿಂಗಳ ಅವಧಿಯಿದ್ದದ್ದನ್ನು 2024ರ ಅಕ್ಟೋಬರಿನ ತಿದ್ದುಪಡಿಯಿಂದ ಮೂರು ತಿಂಗಳಾಗಿ ಮಾಡಿದ್ದಾರೆ.

ಈಗ ಎರಡನೆಯ ವ್ಯಾಜ್ಯಕ್ಕೆ ಬರುವೆವು. ಮಾಸಾಶನದ ಅರ್ಜಿಯು ತಹಶೀಲ್ದಾರರ ಅಧಿಕಾರದೊಳಗೆ ವಿಚಾರಣೆಯಾಗುತ್ತದೆ. ಗ್ರಾಮದ ಆಡಳಿತ ಅಧಿಕಾರಿಯು (ನಮ್ಮ ಹಿರಿಯರು ಈಗಲೂ ತಲಾಠಿಯೆಂದೇ ಅನ್ನುತ್ತಾರೆ) ಮನೆಯ ಸ್ಥಿತಿಯನ್ನು ಕುರಿತು ವರದಿ ಬರೆಯುತ್ತಾನೆ. ಕಂದಾಯ ನಿರೀಕ್ಷಕನು ಅದನ್ನು ನೋಡುತ್ತಾನೆ. ಮನೆಯ ಉತ್ಪನ್ನವು ಗೊತ್ತುಮಾಡಿದ ಮಿತಿಗಿಂತ ಹೆಚ್ಚು ಎಂದು ವರದಿಯಲ್ಲಿ ಬಿದ್ದರೆ ಅರ್ಜಿಯು ತಿರಸ್ಕಾರವಾಗುತ್ತದೆ. ಬೇರೆಯಾಗಿ ಒಲೆ ಹೂಡಿದ ಅಣ್ಣನ ಹೊಲವನ್ನು ತಮ್ಮನ ಲೆಕ್ಕಕ್ಕೆ ಬರೆದದರಿಂದ ಹೀಗಾದದ್ದುಂಟು. ಆಗ ತಹಶೀಲ್ದಾರರ ಮೇಲಿನ ಉಪವಿಭಾಗಾಧಿಕಾರಿಗಳಿಗೆ ಮೇಲ್ಮನವಿ ಕೊಡುವದು ರೂಢಿ. ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ ಈ ತಾಲೂಕುಗಳವರಿಗೆ ಉಪವಿಭಾಗದ ಕಚೇರಿಯು ಬೈಲಹೊಂಗಲದಲ್ಲಿದೆ. ಭೂಪಟವನ್ನು ನೋಡುವವರು ಗಮನಿಸಲಿ: ಎಂ.ಕೆ. ಹುಬ್ಬಳ್ಳಿಯವನಿಗೆ ತಾಲೂಕಿನ ಕಚೇರಿಯು ಧಾರವಾಡದ ಕಡೆಗೆ ಕಿತ್ತೂರಿನಲ್ಲಿ, ಜಿಲ್ಲಾ ಆಸ್ಪತ್ರೆಯು ಎದುರು ದಿಕ್ಕಿಗೆ ಬೆಳಗಾವಿಯಲ್ಲಿ, ಮೇಲ್ಮನವಿಯ ಕಚೇರಿಯು ಮೂರನೆಯ ದಿಕ್ಕಿಗೆ ಬೈಲಹೊಂಗಲದಲ್ಲಿ. ಒಂದು ಕೈಯಿಂದ ಬಸ್ಸಿನ ಕಂಬಿಯನ್ನು ಹಿಡಿಯುವವನಿಗೆ ಈ ಮೂರು ದಾರಿಗಳು ಸಣ್ಣವಲ್ಲ. ರಾಮದುರ್ಗದ ಆಚೆಯ ಹಳ್ಳಿಯವನ ಪಾಡನ್ನು ನೀವೇ ಊಹಿಸಿರಿ.

ಆ ವ್ಯಾಜ್ಯವನ್ನೂ ಗೆದ್ದನೆಂದು ಇಟ್ಟುಕೊಳ್ಳೋಣ. ಮೇಲಿನವರು ತಿರಸ್ಕಾರವನ್ನು ರದ್ದುಮಾಡಿ ಮಾಸಾಶನವನ್ನು ಕೊಡತಕ್ಕದ್ದೆಂದು ಆಜ್ಞೆ ಬರೆದರು. ಈಗಲಾದರೂ ಹಣವು ಬರಬೇಕಲ್ಲವೇ? ಬರಬೇಕು, ಆದರೆ ಅದು ನಡೆಯಬೇಕಾದ ದಾರಿಯನ್ನು ತಿಳಿದುಕೊಂಡವನಿಗೆ ಮಾತ್ರ ಅದು ಎಲ್ಲಿ ಕುಳಿತಿದೆಯೆಂದು ಹುಡುಕುವದಕ್ಕೆ ಬರುತ್ತದೆ.

ಆಜ್ಞೆಯ ಪ್ರತಿಯು ಮೊದಲು ತಾಲೂಕಿನ ಕಚೇರಿಗೆ ಹೋಗಬೇಕು. ಅಲ್ಲಿ ಅದನ್ನು ಆವಕದ ಪುಸ್ತಕದಲ್ಲಿ ದಾಖಲು ಮಾಡಿ ಸಂಬಂಧಪಟ್ಟ ಗುಮಾಸ್ತನ ಮೇಜಿಗೆ ಕೊಡುತ್ತಾರೆ. ಅವನು ಮಂಜೂರಾತಿ ಆದೇಶವನ್ನು ತಯಾರಿಸಿ ಸಹಿ ಮಾಡಿಸಬೇಕು. ಬಳಿಕ ಫಲಾನುಭವಿಯ ಹೆಸರು, ಆಧಾರ್ ಸಂಖ್ಯೆ, ಬ್ಯಾಂಕಿನ ಖಾತೆ ಇವುಗಳನ್ನು ಗಣಕಯಂತ್ರದಲ್ಲಿ ಏರಿಸಬೇಕು. ಅಲ್ಲಿಂದ ಮುಂದಿನ ಲೆಕ್ಕವು ಬೆಂಗಳೂರಿನ ಸಾಮಾಜಿಕ ಭದ್ರತೆ ಮತ್ತು ಪಿಂಚಣಿಗಳ ನಿರ್ದೇಶನಾಲಯದ್ದು. ಬಿಲ್ಲು ಖಜಾನೆಯ ಮೂಲಕ ಹೊರಟು, ಹಣವು ಆಧಾರಿಗೆ ಜೋಡಿಸಿದ ಖಾತೆಗೆ ನೇರವಾಗಿ ಬೀಳುತ್ತದೆ. ಅಂಚೆಯವನು ಮನೆಯ ಬಾಗಿಲಿಗೆ ಮನಿಯಾರ್ಡರು ತಂದು ಎಣಿಸಿಕೊಡುತ್ತಿದ್ದ ಕಾಲವನ್ನು ನಮ್ಮ ಮುದುಕಿಯರು ಆಸೆಯಿಂದ ನೆನೆಯುವರು. ಅದರಲ್ಲಿಯೂ ದೋಷವಿತ್ತು, ಹತ್ತಿಪ್ಪತ್ತು ರೂಪಾಯಿ ಅಂಚೆಯವನ ಕೈಯಲ್ಲಿ ಉಳಿಯುತ್ತಿತ್ತೆಂದು ಅವರೇ ಹೇಳುವರು. ಆದರೆ ಹಣವು ಎಲ್ಲಿದೆಯೆಂದು ಕೇಳುವದಕ್ಕೆ ಒಂದು ಮುಖವಿತ್ತು. ಈಗಿನ ದಾರಿಯಲ್ಲಿ ಕದಿಯುವವರು ಕಡಿಮೆ; ಕೇಳುವದಕ್ಕೆ ಮುಖಗಳೂ ಕಡಿಮೆ.

ಕಾಯುವಿಕೆಯು ಬಹಳವಾಗಿ ಉಂಟಾಗುವದು ಈ ದಾರಿಯ ಎರಡು ತುದಿಗಳಲ್ಲಿ. ಮೊದಲನೆಯ ತುದಿಯಲ್ಲಿ, ಆಜ್ಞೆಯು ತಾಲೂಕಿಗೆ ಮುಟ್ಟಲಿಲ್ಲ ಅಥವಾ ಮುಟ್ಟಿ ಕಡತದೊಳಗೆ ಉಳಿಯಿತು. ಇದಕ್ಕೆ ಉಪಾಯವು ಕಠಿಣವಲ್ಲ. ಗೆದ್ದ ದಿವಸವೇ ಆಜ್ಞೆಯ ಪ್ರಮಾಣಿತ ನಕಲನ್ನು ಕೇಳಿ ತೆಗೆದುಕೊಳ್ಳಿರಿ. ಅದರ ಎರಡು ಪ್ರತಿಗಳನ್ನು ಮಾಡಿಸಿ, ಒಂದನ್ನು ಒಂದು ಚಿಕ್ಕ ಮನವಿಪತ್ರದೊಂದಿಗೆ ತಾಲೂಕಿನ ಕಚೇರಿಗೆ ನೀವೇ ಕೊಟ್ಟು, ಇನ್ನೊಂದರ ಮೇಲೆ ತಾರೀಖು ಸಹಿತ ಸ್ವೀಕೃತಿಯ ಮುದ್ರೆಯನ್ನು ಹಾಕಿಸಿಕೊಳ್ಳಿರಿ. ಬಾಯಿಮಾತಿನಿಂದ ಹೇಳಿ ಬಂದದ್ದನ್ನು ಯಾರೂ ನೆನಪಿನಲ್ಲಿ ಇಟ್ಟುಕೊಳ್ಳುವದಿಲ್ಲ, ಇಟ್ಟುಕೊಂಡರೂ ಒಪ್ಪಿಕೊಳ್ಳುವದಿಲ್ಲ. ನಮ್ಮವರಲ್ಲಿ ಒಂದು ಸಂಕೋಚವುಂಟು: ಸಾಹೇಬರು ಬರುವ ವಾರ ಬಾ ಅಂದರೆ ತಲೆಬಾಗಿ ತಿರುಗಿ ಬರುವದು, ಮುದ್ರೆಯನ್ನು ಕೇಳಿದರೆ ಅವರಿಗೆ ಸಿಟ್ಟು ಬಂದೀತೆಂದು ಹೆದರುವದು. ನಾವೂ ಒಮ್ಮೆ ಒಬ್ಬ ವಿಧವೆಯ ಕಾಗದಕ್ಕಾಗಿ ಒಂದು ಕಚೇರಿಗೆ ನಾಲ್ಕು ಸಾರಿ ಹೋದೆವು. ನಾಲ್ಕನೆಯ ಸಾರಿ, ಈ ಕಾಗದವು ಬಂದೇ ಇಲ್ಲ ಎಂದರು. ಮೊದಲನೆಯ ದಿವಸವೇ ಮುದ್ರೆಯನ್ನು ಕೇಳದೆ ಬಂದ ತಪ್ಪು ನಮ್ಮದೇ.

ಎರಡನೆಯ ತುದಿಯು ಬ್ಯಾಂಕು. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕಂದರೆ ಸರಕಾರವು ಹಣವನ್ನು ಕಳುಹಿಸಿದ್ದೇವೆಂದು ಹೇಳುವದು ಸತ್ಯವಾಗಿಯೂ, ಹಣವು ನನಗೆ ಬರಲಿಲ್ಲವೆಂದು ಬಡವನು ಹೇಳುವದು ಸತ್ಯವಾಗಿಯೂ ಇರುವದಕ್ಕೆ ಇಲ್ಲಿ ಆಸ್ಪದವುಂಟು. ಆಧಾರದ ಮೂಲಕ ಕಳುಹಿಸಿದ ಹಣವು ನೀವು ಅರ್ಜಿಯಲ್ಲಿ ಬರೆದ ಖಾತೆಗೇ ಬೀಳುವದೆಂದು ತಿಳಿಯಬೇಡಿರಿ. ಎನ್.ಪಿ.ಸಿ.ಐ. ಎಂಬ ಸಂಸ್ಥೆಯ ಪಟ್ಟಿಯಲ್ಲಿ ನಿಮ್ಮ ಆಧಾರ್ ಸಂಖ್ಯೆಯ ಎದುರಿಗೆ ಯಾವ ಬ್ಯಾಂಕಿನ ಹೆಸರು ಕಡೆಯದಾಗಿ ಬರೆಯಲ್ಪಟ್ಟಿದೆಯೋ ಆ ಬ್ಯಾಂಕಿಗೆ ಹೋಗುವದು. ಹಿಂದೆ ಒಬ್ಬ ಏಜೆಂಟನು ಸಂತೆಯಲ್ಲಿ ಕುಳಿತು ಬಿಟ್ಟಿಯಾಗಿ ಖಾತೆ ತೆರೆದುಕೊಡುತ್ತೇನೆಂದು ಹೇಳಿ ಹೆಬ್ಬೆಟ್ಟು ಒತ್ತಿಸಿಕೊಂಡಿರಬಹುದು. ಗುಂಪಿನ ಸಾಲಕ್ಕಾಗಿ ಬೇರೆ ಬ್ಯಾಂಕಿನಲ್ಲಿ ಖಾತೆ ಮಾಡಿಸಿರಬಹುದು. ಅದು ಮರೆತೂ ಹೋಗಿರಬಹುದು. ಹಣವು ಅಲ್ಲಿಗೆ ಹೋಗಿ ಕುಳಿತಿರುತ್ತದೆ. ಇವನು ಇಲ್ಲಿಯ ಪಾಸ್‌ಬುಕ್ಕನ್ನು ತಿಂಗಳು ತಿಂಗಳು ಬರೆಯಿಸಿ ನೋಡಿ ಅಳುತ್ತಾನೆ. ಆದದರಿಂದ ಮೊದಲು ಯಾವ ಬ್ಯಾಂಕಿನವರ ಬಳಿಯಾದರೂ ಹೋಗಿ, ನನ್ನ ಆಧಾರವು ಈಗ ಯಾವ ಬ್ಯಾಂಕಿಗೆ ಜೋಡಣೆಯಾಗಿದೆಯೆಂದು ನೋಡಿ ಹೇಳಿರಿ ಎಂದು ಕೇಳಿರಿ.

ಹೆಸರಿನ ತೊಡಕು ಇನ್ನೊಂದು, ಮತ್ತು ಇದು ನಮ್ಮ ಜನರಿಗೆ ವಿಶೇಷವಾದದ್ದು. ದೀಕ್ಷಾಸ್ನಾನದಲ್ಲಿ ಪಡೆದ ಹೆಸರು ಒಂದು, ಶಾಲೆಯ ದಾಖಲೆಯಲ್ಲಿ ಒಂದು, ಪಡಿತರ ಚೀಟಿಯಲ್ಲಿ ಮನೆತನದ ಹಳೆಯ ಹೆಸರು, ಆಧಾರದಲ್ಲಿ ಬರೆದವನ ಕಿವಿಗೆ ಕೇಳಿಸಿದ ಹಾಗೆ ಮತ್ತೊಂದು. ನಾಲ್ಕು ಹೆಸರುಗಳೂ ಒಬ್ಬನವೇ ಎಂದು ಊರೆಲ್ಲವೂ ಬಲ್ಲದು, ಯಂತ್ರವು ಅರಿಯದು. ಪ್ರಮಾಣಪತ್ರ, ಆಧಾರ್, ಖಾತೆ ಈ ಮೂರರಲ್ಲಿಯೂ ಅಕ್ಷರ ಅಕ್ಷರವಾಗಿ ಒಂದೇ ಹೆಸರು ಇರುವಂತೆ ವ್ಯಾಜ್ಯವು ನಡೆಯುತ್ತಿರುವಾಗಲೇ ಸರಿಪಡಿಸಿಕೊಳ್ಳಿರಿ. ಗೆದ್ದ ಮೇಲೆ ತಿದ್ದಿಸುವದಕ್ಕೆ ಹೊರಟರೆ ಮತ್ತೆ ತಿಂಗಳುಗಳು ಹೋಗುವವು. ಎರಡು ವರುಷಕ್ಕಿಂತ ಹೆಚ್ಚು ಕಾಲ ಖಾತೆದಾರನು ಹಣ ಹಾಕದೆ ತೆಗೆಯದೆ ಬಿಟ್ಟ ಖಾತೆಯನ್ನು ಬ್ಯಾಂಕಿನವರು ನಿಷ್ಕ್ರಿಯವೆಂದು ಗುರುತಿಸುವದೂ ಉಂಟು. ಗುರುತಿನ ಕಾಗದಗಳನ್ನು ತೋರಿಸಿ ಅದನ್ನು ಎಬ್ಬಿಸಬೇಕು.

ನಮ್ಮ ಸಹೋದರನ ವಿಷಯದಲ್ಲಿ ಬೇರೊಂದು ಕಷ್ಟವು ಉಂಟಾಯಿತು. ಖಾತೆಯಿಂದ ತೆಗೆಯುವಾಗ ಯಂತ್ರದ ಮೇಲೆ ಬೆರಳನ್ನು ಇಡಬೇಕು. ಬಲಗೈಯ ಬೆರಳುಗಳಿಲ್ಲ, ಎಡಗೈಯ ಬೆರಳುಗಳ ಗೆರೆಗಳು ಇಪ್ಪತ್ತು ವರುಷಗಳ ಕಬ್ಬಿನ ಸಿಪ್ಪೆಗೆ ಸವೆದಿವೆ. ಬೆರಳಿಲ್ಲವೆಂದು ಮಾಸಾಶನ ಕೊಟ್ಟು, ಬೆರಳೊತ್ತದೆ ಅದನ್ನು ಕೊಡುವದಿಲ್ಲವೆಂದರೆ ಹೇಗೆ? ಆದರೆ ದಾರಿಯಿಲ್ಲದಿಲ್ಲ. ಆಧಾರ ಕೇಂದ್ರದಲ್ಲಿ ಬೆರಳಿಲ್ಲದವರನ್ನು ವಿನಾಯಿತಿಯಾಗಿ ದಾಖಲು ಮಾಡಿಕೊಳ್ಳುವ ಏರ್ಪಾಡಿದೆ, ಕಣ್ಣಿನ ಗುರುತೂ ಇದೆ. ಬ್ಯಾಂಕಿನ ಶಾಖೆಗೆ ತಾನೇ ಹೋಗಿ ಪಾಸ್‌ಬುಕ್ಕು ತೋರಿಸಿ ಹಣ ತೆಗೆಯುವದಕ್ಕೂ ಅಡ್ಡಿಯಿಲ್ಲ. ಸರ್ವೋಚ್ಚ ನ್ಯಾಯಾಲಯವು 2018ರ ಸೆಪ್ಟಂಬರ್ 26ರಂದು ಆಧಾರದ ಮೊಕದ್ದಮೆಯಲ್ಲಿ ತೀರ್ಪು ಕೊಡುವಾಗ, ಗುರುತು ತಾಳೆಯಾಗಲಿಲ್ಲವೆಂಬ ಮಾತ್ರಕ್ಕೆ ಅರ್ಹನಾದವನಿಗೆ ಸಹಾಯವು ತಪ್ಪಬಾರದೆಂಬ ವಿಷಯವನ್ನೂ ಗಮನಕ್ಕೆ ತಂದುಕೊಂಡಿತು. ಸಂತೆಯ ಅಂಗಡಿಯ ಯಂತ್ರವು ಬೀಪ್ ಎಂದು ನಿರಾಕರಿಸಿದರೆ ಅದನ್ನೇ ಕಡೆಯ ಮಾತೆಂದು ತಿಳಿಯಬಾರದು.

ಇನ್ನು ಹಣವೆಷ್ಟು ಎಂದು ಕೇಳುವಿರಿ. ನಮ್ಮ ರಾಜ್ಯದಲ್ಲಿ ಶೇಕಡಾ 40ರಿಂದ 75ರ ವರೆಗಿನ ಊನಕ್ಕೆ ತಿಂಗಳಿಗೆ 600 ರೂಪಾಯಿ ಇದ್ದದ್ದನ್ನು 2021ರಲ್ಲಿ 800ಕ್ಕೆ ಏರಿಸಿದರು; 75ಕ್ಕೆ ಮೇಲ್ಪಟ್ಟವರಿಗೆ ಇದಕ್ಕಿಂತ ಹೆಚ್ಚಿದೆ. ಕೇಂದ್ರಸರಕಾರವು 2009ರಲ್ಲಿ ಆರಂಭಿಸಿದ ಇಂದಿರಾ ಗಾಂಧಿಯವರ ಹೆಸರಿನ ಯೋಜನೆಯು 18ರಿಂದ 79 ವಯಸ್ಸಿನೊಳಗಿನ, ಬಡತನದ ರೇಖೆಯ ಕೆಳಗಿನ, ಶೇಕಡಾ 80ಕ್ಕೆ ಕಡಿಮೆಯಿಲ್ಲದ ಊನವುಳ್ಳವರಿಗೆ ತಿಂಗಳಿಗೆ 300 ರೂಪಾಯಿ ಎಂದು ಗೊತ್ತುಮಾಡಿದೆ. 800 ರೂಪಾಯಿಯನ್ನು ಮೂವತ್ತು ದಿವಸಗಳಿಗೆ ಹಂಚಿದರೆ ದಿವಸಕ್ಕೆ 27 ರೂಪಾಯಿಯೂ ಆಗುವದಿಲ್ಲ. ಇಷ್ಟಕ್ಕಾಗಿ ಇಷ್ಟು ಓಡಾಟವೇ ಎಂದು ಉಳ್ಳವರು ನಗಬಹುದು. ಏಳು ತಿಂಗಳು ತಡವಾದರೆ ಅದು 5,600 ರೂಪಾಯಿ. ಒಂದು ಮನೆಯ ಜೋಳ, ಎಣ್ಣೆ, ಮಗುವಿನ ಔಷಧದ ಮಾತು.

ಇಲ್ಲಿ ನಮ್ಮ ಅಭಿಪ್ರಾಯವನ್ನು ಮುಚ್ಚಿಡುವದಿಲ್ಲ. ಅದೇ ಅಧಿನಿಯಮದ 24ನೆಯ ಕಲಮು, ಸರಕಾರವು ತನ್ನ ಆರ್ಥಿಕ ಶಕ್ತಿಯ ಮಿತಿಯೊಳಗೆ ಅಂಗವಿಕಲರಿಗೆ ಸಾಮಾಜಿಕ ಭದ್ರತೆಯ ಯೋಜನೆಗಳನ್ನು ಮಾಡತಕ್ಕದ್ದೆಂದೂ, ಅವರಿಗೆ ಕೊಡುವ ಸಹಾಯವು ಇತರರಿಗೆ ಅಂಥದೇ ಯೋಜನೆಗಳಲ್ಲಿ ಕೊಡುವದಕ್ಕಿಂತ ಶೇಕಡಾ 25ರಷ್ಟಾದರೂ ಹೆಚ್ಚಿರಬೇಕೆಂದೂ ಹೇಳುತ್ತದೆ. 2021ರಲ್ಲಿ ವೃದ್ಧರ ಸಂಧ್ಯಾ ಸುರಕ್ಷಾ ಯೋಜನೆಯನ್ನು 1,000ದಿಂದ 1,200ಕ್ಕೆ ಏರಿಸಿದಾಗಲೇ ಅಂಗವಿಕಲರದ್ದನ್ನು 800ಕ್ಕೆ ಏರಿಸಿದರು. 1,200ಕ್ಕೆ ಶೇಕಡಾ 25 ಕೂಡಿಸಿದರೆ 1,500. ಈ ಎರಡು ಯೋಜನೆಗಳು ಅಂಥವೇ ಹೌದೋ ಅಲ್ಲವೋ ಎಂದು ಪಂಡಿತರು ವಾದಿಸಲಿ. ಕೂಡಿಸಿ ಕಳೆಯಲು ಬಲ್ಲ ಹಳ್ಳಿಯವನು ಪ್ರಶ್ನೆಯನ್ನು ಕೇಳುವದು ತಪ್ಪಲ್ಲವೆಂದು ನಮಗೆ ತೋರುತ್ತದೆ.

ಬಾಕಿಯ ವಿಷಯದಲ್ಲಿ ಎಚ್ಚರವಿರಲಿ. ಮಂಜೂರಾತಿ ಆದೇಶದಲ್ಲಿ ಮಾಸಾಶನವು ಯಾವ ತಿಂಗಳಿನಿಂದ ಸಲ್ಲತಕ್ಕದ್ದೆಂದು ಬರೆದಿದ್ದಾರೆಂಬದನ್ನು ಓದಿಸಿ ಕೇಳಿರಿ. ಮೊದಲ ಅರ್ಜಿಯ ದಿವಸದಿಂದ ಎಲ್ಲವೂ ಒಟ್ಟಿಗೆ ಬರುವದೆಂದು ತಾನಾಗಿ ಎಣಿಸಿಕೊಂಡು ಸಾಲ ಮಾಡಬೇಡಿರಿ. ಮೇಲ್ಮನವಿಯನ್ನು ಬರೆಯುವಾಗಲೇ, ತಿರಸ್ಕಾರವಾದ ಅರ್ಜಿಯ ತಾರೀಖಿನಿಂದ ಕೊಡಿಸಬೇಕೆಂದು ಒಂದು ಸಾಲನ್ನು ಸೇರಿಸಿರಿ. ಕೇಳದ್ದನ್ನು ಆಜ್ಞೆಯಲ್ಲಿ ಬರೆಯುವವರು ವಿರಳ.

ಈ ಕಷ್ಟವು ನಮ್ಮ ದೇಶದ್ದೇ ಎಂದು ತಿಳಿಯಬೇಡಿರಿ. ಇಂಗ್ಲೆಂಡಿನಲ್ಲಿ 2013ರಿಂದ ಅಂಗವಿಕಲರಿಗೆ ಕೊಡುವ ಒಂದು ಭತ್ಯವುಂಟು. ಅಲ್ಲಿ ನ್ಯಾಯಮಂಡಲಿಯ ಮುಂದೆ ಗೆದ್ದವನಿಗೂ, ಇಲಾಖೆಯವರು ಮತ್ತೆ ಮೇಲಕ್ಕೆ ಹೋಗುವ ಯೋಚನೆಯಲ್ಲಿದ್ದರೆ, ಹಣವು ತಡೆಯಲ್ಪಡಬಹುದು. ಅಮೇರಿಕದಲ್ಲಿ 1956ರಲ್ಲಿ ಸ್ಥಾಪಿತವಾದ ವಿಮೆಯ ಪ್ರಕಾರ ಊನವು ಆರಂಭವಾದ ಮೇಲೆ ಐದು ತಿಂಗಳುಗಳಿಗೆ ಸಾಮಾನ್ಯವಾಗಿ ಏನೂ ಸಲ್ಲುವದಿಲ್ಲ. ಅಲ್ಲಿಯ ಬಡವರ ಬೇರೊಂದು ಯೋಜನೆಯಲ್ಲಿ ಬಾಕಿಯು ದೊಡ್ಡದಾದರೆ ಆರು ಆರು ತಿಂಗಳ ಅಂತರದಲ್ಲಿ ಕಂತುಗಳಾಗಿ ಕೊಡುತ್ತಾರೆ. ಶ್ರೀಮಂತ ದೇಶಗಳಲ್ಲಿಯೂ ಗೆದ್ದವನು ಕಾಯುತ್ತಾನೆ. ಆದರೆ ಅಲ್ಲಿ ಕಾಯುವವನಿಗೆ ಕಾಗದವು ಮನೆಗೆ ಬರುತ್ತದೆ. ಇಲ್ಲಿ ಅವನೇ ಕಾಗದದ ಬೆನ್ನು ಹತ್ತಬೇಕು.

ತಡವು ಬಹಳವಾದರೆ ಏನು ಮಾಡತಕ್ಕದ್ದು? ಮೊದಲು ಹತ್ತಿರದಲ್ಲಿರುವವರನ್ನು ಕಾಣಿರಿ. ಗ್ರಾಮ ಪಂಚಾಯತಿಗಳಲ್ಲಿ ಅಂಗವಿಕಲರ ಕೆಲಸಕ್ಕಾಗಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೆಂಬವರು ಇರುತ್ತಾರೆ. ಅವರು ತಾವೂ ಬಹುತರವಾಗಿ ಅಂಗವಿಕಲರೇ. ತಾಲೂಕಿನಲ್ಲಿ ಅವರ ಮೇಲೆ ವಿವಿಧೋದ್ದೇಶ ಕಾರ್ಯಕರ್ತನಿರುತ್ತಾನೆ. ಇವರು ಅಲ್ಪ ಗೌರವಧನಕ್ಕೆ ದುಡಿಯುವವರು. ಯಾವ ಮೇಜಿನಲ್ಲಿ ಏನು ನಿಂತಿದೆಯೆಂದು ಇವರಿಗೆ ತಿಳಿದಷ್ಟು ಬೇರೆಯವರಿಗೆ ತಿಳಿಯದು.

ಅವರಿಂದಲೂ ಆಗದಿದ್ದರೆ 2005ರ ಮಾಹಿತಿ ಹಕ್ಕಿನ ಕಾಯಿದೆಯುಂಟು. ಹತ್ತು ರೂಪಾಯಿ ಶುಲ್ಕ. ಬಡತನದ ರೇಖೆಯ ಕೆಳಗಿನವರಿಗೆ ಅದೂ ಇಲ್ಲ. ಮೂವತ್ತು ದಿವಸಗಳೊಳಗೆ ಉತ್ತರ ಕೊಡಬೇಕು. ಕೊಡದಿದ್ದರೆ ಅದೇ ಕಚೇರಿಯ ಹಿರಿಯ ಅಧಿಕಾರಿಗೆ ಮೂವತ್ತು ದಿವಸಗಳೊಳಗೆ ಮೊದಲನೆಯ ಮೇಲ್ಮನವಿ. ಆದರೆ ಪ್ರಶ್ನೆಯನ್ನು ಕೇಳುವ ಬಗೆಯನ್ನು ಕಲಿಯಬೇಕು. ನನ್ನ ಹಣವನ್ನು ಏಕೆ ಕೊಡಲಿಲ್ಲ ಎಂದು ಕೇಳಿದರೆ, ಇದು ಮಾಹಿತಿಯಲ್ಲ, ದೂರು ಎಂದು ತಿರುಗಿಸುವರು. ಇಂಥ ತಾರೀಖಿನ ಇಂಥ ಸಂಖ್ಯೆಯ ಆಜ್ಞೆಯು ನಿಮ್ಮ ಕಚೇರಿಗೆ ಯಾವ ದಿವಸ ಬಂತು, ಅದರ ಮೇಲೆ ಬರೆದ ಟಿಪ್ಪಣಿಗಳ ಹಾಳೆಗಳ ನಕಲುಗಳನ್ನು ಕೊಡಿರಿ, ಮಂಜೂರಾತಿ ಆದೇಶದ ನಕಲನ್ನು ಕೊಡಿರಿ ಎಂದು ಕೇಳಿರಿ. ಹಾಳೆಗಳ ನಕಲನ್ನು ಕೊಡುವದಕ್ಕಾಗಿ ಕಡತವನ್ನು ಕೆಳಗಿಳಿಸಬೇಕಾಗುತ್ತದೆ; ಕೆಳಗಿಳಿದ ಕಡತವು ಎಷ್ಟೋ ಸಾರಿ ಉತ್ತರಕ್ಕಿಂತ ಮುಂಚೆಯೇ ಮುಂದಕ್ಕೆ ಹೋಗುವದು.

ಸಕಾಲ ಎಂದು ಕರೆಯಲ್ಪಡುವ 2011ರ ಕಾಯಿದೆಯೂ ನಮ್ಮ ರಾಜ್ಯದಲ್ಲಿದೆ. 2012ರಿಂದ ಅದು ನಡೆಯುತ್ತಿದೆ. ಅದರ ಕೆಳಗೆ ಕೊಟ್ಟ ಅರ್ಜಿಗೆ ಒಂದು ಸಂಖ್ಯೆಯುಳ್ಳ ಚೀಟಿಯನ್ನು ಕೊಡುತ್ತಾರೆ, ಅವಧಿಯನ್ನೂ ಗೊತ್ತುಮಾಡಿರುತ್ತಾರೆ. ಅವಧಿಯು ಮೀರಿದರೆ ದಿವಸಕ್ಕೆ 20 ರೂಪಾಯಿಯಂತೆ, 500 ರೂಪಾಯಿಗೆ ಮೀರದಂತೆ, ಅರ್ಜಿದಾರನು ಪರಿಹಾರವನ್ನು ಕೇಳಬಹುದು. ಆ ಪರಿಹಾರದ ಹಣಕ್ಕಿಂತ ಆ ಚೀಟಿಯ ಸಂಖ್ಯೆಯೇ ಹೆಚ್ಚು ಬೆಲೆಯುಳ್ಳದ್ದು; ಅದನ್ನು ಕಳೆದುಕೊಂಡವನು ಮತ್ತೆ ಮೊದಲಿನ ಬಾಗಿಲಿಗೆ ಹೋಗಬೇಕಾಗುವದು.

ಎಲ್ಲಕ್ಕೂ ಮೇಲೆ, ಅಂಗವಿಕಲರ ಅಧಿನಿಯಮದ ರಾಜ್ಯ ಆಯುಕ್ತರು ಬೆಂಗಳೂರಿನಲ್ಲಿದ್ದಾರೆ. ಸಾಕ್ಷಿಗಳನ್ನು ಕರೆಯಿಸುವದು, ಕಾಗದಪತ್ರಗಳನ್ನು ತರಿಸುವದು ಮುಂತಾದ ವಿಷಯಗಳಲ್ಲಿ ಅವರಿಗೆ ದಿವಾಣಿ ನ್ಯಾಯಾಲಯದ ಅಧಿಕಾರವುಂಟು. ಅವರು ಶಿಫಾರಸು ಮಾಡಿದರೆ ಆ ಇಲಾಖೆಯು ಮೂರು ತಿಂಗಳೊಳಗೆ ಏನು ಮಾಡಿತೆಂದು ತಿಳಿಸಬೇಕು. ದೂರನ್ನು ಅಂಚೆಯಿಂದ ಕಳುಹಿಸಬಹುದು. ಸಭೆಯಲ್ಲಿ ಬರೆಯಲು ಬಲ್ಲ ಯೌವನಸ್ಥರಿರುವಾಗ ಇದಕ್ಕೆ ವಕೀಲನ ಅಗತ್ಯವಿಲ್ಲ.

ಕಡೆಗೆ, ಕಾಯುವ ತಿಂಗಳುಗಳಲ್ಲಿ ನಡೆಯುವ ಒಂದು ಕೆಟ್ಟ ಸಂಗತಿಯನ್ನು ಹೇಳದೆ ಇರಲಾರೆವು. ಗೆದ್ದ ಸುದ್ದಿಯು ಹಬ್ಬಿದೊಡನೆ ಉದ್ರಿ ಕೊಡುವವರು ಬರುತ್ತಾರೆ. ಮಾಸಾಶನವು ಬರುವ ವರೆಗೆ ಕಿರಾಣಿಯನ್ನು ತೆಗೆದುಕೋ, ಪಾಸ್‌ಬುಕ್ಕು ಮತ್ತು ಎ.ಟಿ.ಎಂ. ಚೀಟಿಯು ನಮ್ಮ ಬಳಿ ಇರಲಿ, ಗುಪ್ತ ಸಂಖ್ಯೆಯನ್ನು ಹೇಳು ಎಂದು ಕೇಳುತ್ತಾರೆ. ಬೇರೆ ಕೆಲವರು, ಮೇಲಿನವರಿಗೆ ಕೊಡಬೇಕು, ಮೊದಲ ಕಂತಿನ ಅರ್ಧವನ್ನು ನಮಗೆ ಬರೆದುಕೊಡು, ಹಣವನ್ನು ಬೇಗ ತರಿಸುತ್ತೇವೆ ಅನ್ನುತ್ತಾರೆ. ಅವರು ತರಿಸುವದೇನೂ ಇಲ್ಲ. ಆಜ್ಞೆಯು ತನ್ನ ದಾರಿಯಲ್ಲಿ ಬರುತ್ತಿರುತ್ತದೆ, ಅವರು ದಾರಿಯ ಕಡೆಯಲ್ಲಿ ನಿಂತಿರುತ್ತಾರೆ. ಚೀಟಿಯನ್ನು ಒತ್ತೆಯಿಟ್ಟವನು ಬಾಕಿಯು ಬಂದ ದಿವಸವನ್ನೂ ತಿಳಿಯದೆ ಹೋಗುತ್ತಾನೆ. ಅವನಿಗೆ ಕಾಯುವಿಕೆಯು ಮುಗಿಯುವದೇ ಇಲ್ಲ.

ಇದನ್ನು ತಪ್ಪಿಸುವದಕ್ಕೆ ಸಭೆಯ ಹಿರಿಯರೇ ಎಲ್ಲರ ಪಾಸ್‌ಬುಕ್ಕುಗಳನ್ನು ಒಂದು ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಬಹುದೇ ಎಂದು ಒಬ್ಬರು ನಮ್ಮನ್ನು ಕೇಳಿದರು. ಬೇಡವೆಂದು ಹೇಳಿದೆವು. ಹಿರಿಯರು ಒಳ್ಳೆಯವರೇ ಆಗಿದ್ದರೂ, ಒಬ್ಬನ ಹಣದ ಕೀಲಿಯು ಇನ್ನೊಬ್ಬನ ಕೈಯಲ್ಲಿರುವದು ಅದೇ ಒತ್ತೆಯ ಬೇರೊಂದು ರೂಪವಾಗಬಹುದು. ಅದರ ಬದಲಾಗಿ, ಅಕ್ಷರ ಬಲ್ಲ ಒಬ್ಬನನ್ನು ಗೊತ್ತುಮಾಡಿ, ತಿಂಗಳಿಗೊಮ್ಮೆ ಬ್ಯಾಂಕಿಗೆ ಹೋಗುವ ದಿವಸ ಕಾಯುತ್ತಿರುವವರ ಜೊತೆಗೆ ಅವನನ್ನು ಕಳುಹಿಸಿರಿ. ಬಸ್ಸಿನ ಖರ್ಚನ್ನು ಸುಗ್ಗಿಯ ಕಾಣಿಕೆಯಿಂದ ಕೊಡಿರಿ. ಒಂದು ಚಿಕ್ಕ ನೋಟುಬುಕ್ಕಿನಲ್ಲಿ ಆಜ್ಞೆಯ ತಾರೀಖು, ಕಾಗದವನ್ನು ಕೊಟ್ಟ ಕಚೇರಿ, ಮುದ್ರೆಯ ತಾರೀಖು, ಪಾಸ್‌ಬುಕ್ಕನ್ನು ಬರೆಯಿಸಿದ ದಿವಸ ಇಷ್ಟನ್ನು ಗುರುತು ಹಾಕಲಿ. ಪುಸ್ತಕವೂ ಚೀಟಿಯೂ ಆಯಾ ಮನೆಯ ಪೆಟ್ಟಿಗೆಯಲ್ಲಿಯೇ ಇರಲಿ, ಮತ್ತು ಆ ಪೆಟ್ಟಿಗೆಯು ಎಲ್ಲಿದೆಯೆಂಬದು ಮನೆಯ ಹೆಂಗಸರಿಗೂ ತಿಳಿದಿರಲಿ.